ಗುಜರಿಯಲ್ಲಿ ಸಿಕ್ಕ ಏಳು ಫ್ಯಾಂಟಸಿ ಪುಸ್ತಕ: ಯಾವುದರಿಂದ ಓದುವುದು, ಬೂಸ್ಟು ತೆಗೆಯುವುದು ಹೇಗೆ?

ನೀವು ಕೇಳಿದ್ದು: ಕುಮಟಾದ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಒಬ್ಬರೇ ಲೇಖಕರ ಏಳು ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸಿಕ್ಕಿವೆ, ಹೆಸರು ಈವರೆಗೆ ಕೇಳಿದ್ದಿಲ್ಲ, ಎರಡು ಒದ್ದೆಯಾಗಿವೆ, ಉಳಿದವಕ್ಕೆ ಬೂಸ್ಟು ಹಿಡಿದಿದೆ. ಯಾವುದರಿಂದ ಶುರು ಮಾಡಲಿ, ಹೇಗೆ ಉಳಿಸಿಕೊಳ್ಳಲಿ?

ಮೊದಲು ಇವತ್ತೇ ಇನ್ನೊಮ್ಮೆ ಅದೇ ಅಂಗಡಿಗೆ ಹೋಗಿ. ಒಬ್ಬರೇ ಲೇಖಕರ ಏಳು ಪುಸ್ತಕ ಒಟ್ಟಿಗೆ ಬಂದಿವೆ ಎಂದರೆ ಅವು ಬಹುತೇಕ ಒಂದೇ ಮನೆಯವು. ನಮ್ಮ ಕರಾವಳಿಯಲ್ಲಿ ಇಂಥ ಗಂಟು ಬರುವುದು ಕೈಗಾದಿಂದಲೋ ಸೀಬರ್ಡ್ ನೌಕಾನೆಲೆಯಿಂದಲೋ ವರ್ಗವಾಗಿ ಹೋಗುವವರ ಮನೆಯಿಂದ, ಇಲ್ಲವೇ ಗೋಕರ್ಣದಲ್ಲಿ ಪ್ರವಾಸಿಗರು ಓದಿ ಬಿಟ್ಟುಹೋದ ರಾಶಿಯಿಂದ. ಸರಣಿಯ ಉಳಿದ ಭಾಗ ಇನ್ನೊಂದು ಚೀಲದಲ್ಲಿ ಇರಬಹುದು. ರದ್ದಿಯ ಲಾರಿ ಹೊರಟ ಮೇಲೆ ಕೇಳಿ ಪ್ರಯೋಜನವಿಲ್ಲ.

ಒದ್ದೆಯಾದ ಎರಡನ್ನು ನಾಳೆಗೆ ಬಿಡಬೇಡಿ. ನೆನೆದ ಕಾಗದಕ್ಕೆ ಎರಡು ದಿನದಲ್ಲಿ ಬೂಸ್ಟು ಬರುತ್ತದೆ, ಆರಿದ್ರಾ ಮಳೆಯ ಹೊತ್ತಿನಲ್ಲಿ ಅದಕ್ಕೂ ಮುಂಚೆ. ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಡಿ. ಬೂಸ್ಟು ಸಾಯುವುದಿಲ್ಲ, ಆದರೆ ಬೆಳೆಯುವುದು ನಿಲ್ಲುತ್ತದೆ. (ಕರೆಂಟು ದಿನಗಟ್ಟಲೆ ಹೋಗುವ ಊರಾದರೆ ಈ ಉಪಾಯ ಬೇಡ.) ಒಣಗಿಸುವಾಗ ಇಪ್ಪತ್ತು-ಮೂವತ್ತು ಪುಟಕ್ಕೊಂದರಂತೆ ಅಚ್ಚಿಲ್ಲದ ಖಾಲಿ ಹಾಳೆ ಸೇರಿಸಿ, ತೇವ ಹೀರಿದ ಕೂಡಲೇ ಬದಲಿಸುತ್ತಿರಿ. ಹಳೆ ಪೇಪರ್ ಹಾಕಿದರೆ ಅದರ ಮಸಿ ಪುಟಕ್ಕೆ ಹತ್ತುತ್ತದೆ. ಹಾಳೆ ಜಾಸ್ತಿ ತುರುಕಿದರೂ ಕಷ್ಟ: ಪುಸ್ತಕದ ದಪ್ಪದ ಕಾಲು ಭಾಗ ಮೀರಿದರೆ ಬೆನ್ನು ಬಿರಿಯುತ್ತದೆ. ಆಮೇಲೆ ಬೀಸಣಿಗೆಯಂತೆ ಸ್ವಲ್ಪ ಬಿಡಿಸಿ ನೆಟ್ಟಗೆ ನಿಲ್ಲಿಸಿ. ಫ್ಯಾನಿನ ಗಾಳಿ ಕೋಣೆಯಲ್ಲಿ ಆಡಲಿ, ನೇರ ಪುಟಕ್ಕೆ ಹೊಡೆಯದಿರಲಿ. ಮುಟ್ಟಿದರೆ ತಣ್ಣಗೆ ಅನ್ನಿಸುವಷ್ಟೇ ತೇವ ಉಳಿದಾಗ ಮುಚ್ಚಿ, ಮೇಲೆ ಭಾರ ಹೇರಿ. ಆಗ ಹಾಳೆ ಅಲೆಅಲೆಯಾಗಿ ಸೊಟ್ಟಗಾಗುವುದು ಕಡಿಮೆ.

ಬೂಸ್ಟಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಒದ್ದೆ ಬಟ್ಟೆಯಲ್ಲಿ ಒರೆಸುವುದು. ಅದರಿಂದ ಬೂಸ್ಟು ಕಾಗದದ ಎಳೆಯೊಳಗೆ ಇಳಿದು ಕಲೆ ಕಾಯಂ ಆಗುತ್ತದೆ. ಬೆರಳಿಗೆ ಮೆತ್ತಗೆ ಹತ್ತಿಕೊಂಡರೆ ಅದಿನ್ನೂ ಜೀವಂತ, ಮೊದಲು ಒಣಗಿಸಿ. ಹಿಟ್ಟಿನಂತೆ ಉದುರುವಾಗ ಮಾತ್ರ ಹೊರಗೆ ಜಗಲಿಯಲ್ಲಿ ಕೂತು, ಎನ್95 ಮಾಸ್ಕ್ ಹಾಕಿ, ಮೆತ್ತನೆ ಒಣ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಗುಡಿಸಿ. ದಮ್ಮಿನ ತೊಂದರೆ ಇದ್ದವರು ಈ ಕೆಲಸಕ್ಕೆ ಇಳಿಯದಿರುವುದೇ ಒಳ್ಳೆಯದು. ವಾಸನೆಗೆ: ದೊಡ್ಡ ಡಬ್ಬಿಯ ತಳದಲ್ಲಿ ಬಟ್ಟಲು ತುಂಬ ಅಡುಗೆ ಸೋಡಾ, ಮೇಲೆ ಜಾಳಿಗೆಯಲ್ಲಿ ಪುಸ್ತಕ, ಮುಚ್ಚಳ ಹಾಕಿ ಎರಡು ವಾರ. ಸೋಡಾ ಪುಟಕ್ಕೆ ತಾಗಬಾರದು. ಶಿರಸಿ ಕಡೆಯವರಿಗೆ ಅಡಿಕೆ ಅಟ್ಟದ ಬಿಸಿಗೆ ಇಡೋಣ ಅನ್ನಿಸಬಹುದು. ಪುಸ್ತಕ ಒಣಗುತ್ತದೆ ನಿಜ, ಆದರೆ ಬೆನ್ನಿನ ಅಂಟು ಗರಿಗರಿಯಾಗಿ, ಬಿಚ್ಚಿದ ಕಡೆಯೇ ಚಟ್ಟನೆ ಒಡೆಯುತ್ತದೆ, ಹೊಗೆ ವಾಸನೆಯಂತೂ ಹೋಗುವುದೇ ಇಲ್ಲ.

ಕಳಚಿದ ಹಾಳೆಗೆ ಸೆಲೋಟೇಪ್ ಬೇಡ. ಅದರ ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಪುಟದೊಳಗೆ ಇಳಿಯುತ್ತದೆ. ಮೈದಾ ಅಂಟು ಕಾಗದ ತಿನ್ನುವ ಬೆಳ್ಳಿಮೀನು ಹುಳಕ್ಕೆ (ಸಿಲ್ವರ್‌ಫಿಶ್) ಹಬ್ಬದೂಟ. ಫೆವಿಕಾಲ್‌ನಂಥ ಬಿಳಿ ಅಂಟನ್ನು ಹಾಳೆಯ ಒಳ ಅಂಚಿಗೆ 2 ಮಿಲಿಮೀಟರ್ ಅಗಲಕ್ಕಷ್ಟೇ ಸವರಿ, ಅಕ್ಕಪಕ್ಕ ಮೇಣದ ಕಾಗದ ಇಟ್ಟು, ರಾತ್ರಿಯಿಡೀ ಭಾರದ ಅಡಿಗೆ ಬಿಡಿ.

ಇನ್ನು ಓದು. ಚಂದದ ರಟ್ಟಿನದನ್ನೋ ತೆಳ್ಳಗಿರುವುದನ್ನೋ ಎತ್ತಿಕೊಳ್ಳಬೇಡಿ. ಯಕ್ಷಗಾನದಲ್ಲಿ ಒಡ್ಡೋಲಗ ಆದ ಮೇಲೆ ಪಾತ್ರದ ಗುರುತು ಸಿಗುತ್ತದಲ್ಲ. ಫ್ಯಾಂಟಸಿ ಸರಣಿಯ ಮೂರನೇ ಭಾಗಕ್ಕೆ ಒಡ್ಡೋಲಗವೇ ಇಲ್ಲ, ಎಲ್ಲರೂ ನೇರ ಯುದ್ಧಕ್ಕೇ ಬರುತ್ತಾರೆ. ಅಂಥದ್ದನ್ನು ಮೊದಲು ಓದಿ, ಲೇಖಕರೇ ಸರಿಯಿಲ್ಲ ಎಂದು ತೀರ್ಮಾನಿಸುವವರು ಬಹಳ.

ಏಳೂ ಪುಸ್ತಕದ ಕಾಪಿರೈಟ್ ಪುಟ ತೆಗೆದು ವರ್ಷ ಬರೆದುಕೊಳ್ಳಿ. ಬೇಕಾದ್ದು ಕಾಪಿರೈಟ್ ವರ್ಷ, ಮುದ್ರಣದ ವರ್ಷವಲ್ಲ. ಕೆಳಗೆ '10 9 8 7 6 5 4' ಎಂಬ ಸಾಲಿದ್ದರೆ ಕೈಯಲ್ಲಿರುವುದು ನಾಲ್ಕನೇ ಮುದ್ರಣ. ಉಳಿದ ಅತಿ ಸಣ್ಣ ಅಂಕಿಯೇ ಲೆಕ್ಕ. ಅಲ್ಲಿ ಕಾಪಿರೈಟ್ ಹೆಸರು ರಟ್ಟಿನ ಹೆಸರಿಗಿಂತ ಬೇರೆ ಇದ್ದರೆ ಕಾವ್ಯನಾಮ ಇರಬಹುದು. ಉದಾಹರಣೆಗೆ, ರಾಬಿನ್ ಹಾಬ್ ಹೆಸರಿನಲ್ಲಿ 1995ರಿಂದ ಬರೆದ ಫ್ಯಾಂಟಸಿ ಲೇಖಕಿಯೇ ಅದಕ್ಕೆ ಮುಂಚೆ ಮೇಗನ್ ಲಿಂಡ್‌ಹೋಮ್. ಹಾಗಿದ್ದಾಗ ಒಂದು ಹೆಸರು ಹಿಡಿದು ಹುಡುಕಿದರೆ ಅರ್ಧ ಪುಸ್ತಕ ಕಣ್ಣಿಗೇ ಬೀಳುವುದಿಲ್ಲ. ಐಎಸ್‌ಎಫ್‌ಡಿಬಿ ಎಂಬ ಉಚಿತ ಜಾಲತಾಣದಲ್ಲಿ ಕಾವ್ಯನಾಮ, ಸರಣಿಯ ಕ್ರಮ, ಆವೃತ್ತಿ ಎಲ್ಲ ಸಿಗುತ್ತವೆ. ಒಂದೇ ಪುಸ್ತಕವನ್ನು ಎರಡು ಸಲ ಕೊಳ್ಳುವುದೂ ತಪ್ಪುತ್ತದೆ: ಬ್ರಿಟನ್ನಿನ 'ನಾರ್ದರ್ನ್ ಲೈಟ್ಸ್', ಅಮೆರಿಕದ 'ದ ಗೋಲ್ಡನ್ ಕಂಪಾಸ್' ಎರಡೂ ಒಂದೇ.

ಬೆನ್ನಿನ ಮೇಲಿನ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ನಾರ್ನಿಯಾ ಸರಣಿಯಲ್ಲಿ ಈಗ 1 ಎಂದು ಬರುವ ಪುಸ್ತಕ ಮೊದಲು ಪ್ರಕಟವಾದದ್ದು 1955ರಲ್ಲಿ, ಆರನೆಯದಾಗಿ; ನಿಜವಾಗಿ ಮೊದಲು ಬಂದದ್ದು 1950ರದ್ದು. ಹಿಂದಿನ ಕಾಲದ ಕಥೆಯನ್ನು ಲೇಖಕರು ಆಮೇಲೆ ಬರೆದಿದ್ದರೆ ಅದು ಆಮೇಲೆ ಓದುವುದಕ್ಕೇ ಇರುವುದು. ನನ್ನ ಮತ ಪ್ರಕಟಣೆಯ ಕ್ರಮಕ್ಕೆ. ಕೊನೆಯ ಪದಕೋಶವನ್ನೂ ಆರಂಭದಲ್ಲೇ ತೆರೆಯಬೇಡಿ, ಯಾರು ಸತ್ತರೆಂದು ಅಲ್ಲೇ ಬರೆದಿರುವುದುಂಟು. ಭೂಪಟ ಮಾತ್ರ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ; ಪ್ರತಿ ಸಲ ಹಿಂದಕ್ಕೆ ತಿರುಗಿಸಿದರೆ ಹಳೆ ಬೆನ್ನು ತಡೆಯುವುದಿಲ್ಲ.

ಮೊದಲ ಭಾಗವೇ ನಿಮ್ಮ ಏಳರಲ್ಲಿ ಇಲ್ಲದಿದ್ದರೆ, ಸರಣಿಗೆ ಸೇರದ ಬಿಡಿ ಕಾದಂಬರಿಯೋ ಕಥಾಸಂಕಲನವೋ ಇದೆಯೇ ನೋಡಿ, ಅದರಿಂದ ಶುರು ಮಾಡಿ. ಅದೂ ಇಲ್ಲವೆಂದರೆ ಮೊದಲ ಭಾಗ ಸಿಗುವವರೆಗೆ ಉಳಿದದ್ದನ್ನು ಹೊರಗೋಡೆಗೆ ತಾಗದಂತೆ ಎರಡು ಇಂಚು ಬಿಟ್ಟು ಕಪಾಟಿನಲ್ಲಿ ಸಡಿಲವಾಗಿ ನಿಲ್ಲಿಸಿಡಿ, ನವರಾತ್ರಿ ಕಳೆದು ಗಾಳಿ ಒಣಗಿದ ಮೇಲೆ ಒಮ್ಮೆ ಎಲ್ಲವನ್ನೂ ಹೊರಗೆ ತೆಗೆದು ನೋಡಿ.