ಮೂತ್ರದಲ್ಲಿ ಆರ್ಸೆನಿಕ್: ಮೀನಿನದೋ, ಬೋರ್‌ವೆಲ್ಲಿನದೋ?

ಪ್ರಶ್ನೆ: ಡಾಕ್ಟ್ರೇ, ನಾವು ಕೆಂಗೇರಿಯಲ್ಲಿದ್ದೇವೆ. ಅತ್ತೆ, ಮಾವ ಇರೋದು ಲಿಂಗಸುಗೂರು ತಾಲೂಕಿನಲ್ಲಿ, ಹಟ್ಟಿ ಚಿನ್ನದ ಗಣಿ ಕಡೆ. ಅಲ್ಲಿ ಕುಡಿಯೋದು ಬೋರ್‌ವೆಲ್ ನೀರು. ಅತ್ತೆಯ ಅಂಗೈ, ಅಂಗಾಲು ಪೂರ್ತಿ ಗಟ್ಟಿ ಗುಳ್ಳೆಗಳು. ಮೂರು ವಾರದಿಂದ ನಮ್ಮ ಮನೆಯಲ್ಲಿದ್ದಾರೆ. ಮೂತ್ರ ಪರೀಕ್ಷೆಯಲ್ಲಿ ಒಟ್ಟು ಆರ್ಸೆನಿಕ್ ಲೀಟರಿಗೆ 140 ಮೈಕ್ರೋಗ್ರಾಂ ಬಂದಿದೆ. ಹಿಂದಿನ ದಿನ ಸಿಗಡಿ, ಅಂಜಲ್ ಮಾಡಿದ್ದೆ. ಲ್ಯಾಬಿನಲ್ಲಿ ಊಟದ ಬಗ್ಗೆ ಯಾರೂ ಕೇಳಲಿಲ್ಲ. ತುಂಬಾ ಭಯವಾಗಿದೆ.
– ಒಬ್ಬ ಸೊಸೆ, ಬೆಂಗಳೂರು

ಉತ್ತರ: ಮೊದಲು ಆ 140ರ ಭಯ ಬಿಡಿಮ್ಮ. ಅದು ಬಹುತೇಕ ನಿಮ್ಮ ಸಿಗಡಿಯದೇ. ಸಮುದ್ರದ ಮೀನು, ಸಿಗಡಿಯಲ್ಲಿ ಆರ್ಸೆನೋಬಿಟೈನ್ ಅನ್ನೋ ಆರ್ಸೆನಿಕ್ಕಿನ ಒಂದು ಬಗೆ ಇರುತ್ತದೆ. ಅದು ವಿಷವಲ್ಲ, ಬಂದ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಒಟ್ಟು ಆರ್ಸೆನಿಕ್ ಅಳೆದರೆ ಅದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಐದು ದಿನ ಮೀನು, ಸಿಗಡಿ, ಏಡಿ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಆರ್ಸೆನಿಕ್ಕಿನ ಬಗೆಗಳನ್ನು ಬೇರೆ ಬೇರೆಯಾಗಿ ಅಳೆಯುವ ಪರೀಕ್ಷೆ ಬೇಕು ಅಂತಲೇ ಕೇಳಿ. ಜೊತೆಗೆ ಕ್ರಿಯಾಟಿನಿನ್ ಕೂಡ ನೋಡಲಿ. ನೀರು ಜಾಸ್ತಿ ಕುಡಿದು ಮೂತ್ರ ತೆಳುವಾಗಿದ್ದರೆ ಅದರಿಂದ ಗೊತ್ತಾಗುತ್ತದೆ.

ಆದರೆ ಆ ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಅಂತ ಬಂದರೆ ಸಮಾಧಾನಪಟ್ಟು ಸುಮ್ನಾಗಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಮೂರು ವಾರ' ಅನ್ನೋ ಮಾತು. ನೀರಿನಿಂದ ಬಂದ ಆರ್ಸೆನಿಕ್ ಸುಮಾರು ನಾಲ್ಕು ದಿನಕ್ಕೆ ಅರ್ಧ ಇಳಿಯುತ್ತದೆ. ಊರಿನ ನೀರು ಬಿಟ್ಟು ಮೂರು ವಾರವಾದ ಮೇಲೆ ಮೂತ್ರದಲ್ಲಿ ಅದರ ಗುರುತು ಹೆಚ್ಚು ಉಳಿದಿರುವುದಿಲ್ಲ. ಮೂತ್ರ ಹೇಳೋದು ಈಚಿನ ಕೆಲವು ದಿನಗಳ ಕಥೆ. ವರ್ಷಗಳ ಕಥೆ ಚರ್ಮದಲ್ಲಿರುತ್ತದೆ.

ಅತ್ತೆಯ ಅಂಗೈಯನ್ನು ಬಿಸಿಲಲ್ಲಿ ಹಿಡಿದು ಬೆರಳಾಡಿಸಿ ನೋಡಿ. ಜೋಳದ ಕಾಳು ಅಂಟಿಸಿದ ಹಾಗೆ ಗಡುಸಾಗಿ ತಗಲುತ್ತದಾ? ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು, ಬಿಳಿ ಚುಕ್ಕಿ ಇವೆಯಾ? ಹೊಲದ ಕೆಲಸಕ್ಕೆ ಕೈ ಜಡ್ಡುಗಟ್ಟಿದೆ ಅಂತ ಎಷ್ಟೋ ಮನೆಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ನನಗೆ ಸಂಕಟವಾಗುತ್ತದೆ. ಇದೇ ವಾರ ಚರ್ಮದ ಡಾಕ್ಟರಿಗೆ ತೋರಿಸಿ. ಭಸ್ಮ, ಪುಡಿಯಂಥ ಔಷಧಿ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅಂಥ ಕೆಲವು ಔಷಧಿಗಳಿಗೆ ಹಾಕುವ ಹರತಾಳ, ಮಣಿಶಿಲೆ ಎರಡೂ ಆರ್ಸೆನಿಕ್ಕಿನ ಖನಿಜಗಳೇ.

ಈಗ ನಿಜವಾಗಿ ಪರೀಕ್ಷೆ ಆಗಬೇಕಾದ್ದು ಊರಿನ ನೀರಿಗೆ, ಮಾವನವರಿಗೆ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಕಲ್ಲೂ ಇರುತ್ತದೆ, ಅದು ಬೋರ್‌ವೆಲ್ಲಿಗೆ ಇಳಿಯಬಹುದು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಕಾಯಿಸಿದರೆ ಆರ್ಸೆನಿಕ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ವರದಿ ಬರುವ ತನಕ ಮಾವನವರು ಕುಡಿಯೋದಕ್ಕೂ ಅಡುಗೆಗೂ ಬೇರೆ ನೀರು ಬಳಸಲಿ. ಆದರೆ ನೀರು ಬದಲಿಸುವ ಮೊದಲೇ ಅವರ ಮೂತ್ರ ಹಿಡಿದಿಡಬೇಕು. ಲ್ಯಾಬಿನವರು ಕೊಟ್ಟ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಲಿ, ಬೋರ್‌ವೆಲ್ ನೀರಲ್ಲಿ ಅದನ್ನು ತೊಳೆಯಬಾರದು. ಇವತ್ತೇ ಫೋನ್ ಮಾಡಿ ಹೇಳಿಬಿಡಿ.