ಆ ಖಾಲಿ ಜಾಗದಲ್ಲಿ ಏನಿತ್ತು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: 'ಬೆಂಗಳೂರಿಗೆ ಟಿವಿ ಬರುವ ಹೊತ್ತಿಗೆ ಬ್ರಿಟನ್ನಿನವರು ಎದ್ದಾಗಿನಿಂದ ಮಲಗುವವರೆಗೆ ಟಿವಿ ನೋಡುತ್ತಿದ್ದರು ಅಂತ ಕಳೆದ ಸಂಚಿಕೆಯಲ್ಲಿ ಹಾಕಿದ್ದೀರಿ. ನಮ್ಮ ಚಿಕ್ಕಪ್ಪ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾಕ್ಟರಾಗಿದ್ದರು. ಅವರ ಟ್ರಂಕಿನಲ್ಲಿ ಟಿವಿ ಕಾರ್ಯಕ್ರಮಗಳ ಪಟ್ಟಿ ಹಾಕುವ ರೇಡಿಯೊ ಟೈಮ್ಸ್ ಪತ್ರಿಕೆಯ ಎರಡು ಹಾಳೆ ಸಿಕ್ಕಿವೆ. 1973ರ ನವೆಂಬರಿನ ಹಾಳೆಯಲ್ಲಿ ಬಿಬಿಸಿ-2 ಬೆಳಗ್ಗೆ 11ಕ್ಕೆ ಮಕ್ಕಳ ಕಾರ್ಯಕ್ರಮ ತೋರಿಸಿ 11.25ಕ್ಕೆ ಅಂಗಡಿ ಮುಚ್ಚಿದೆ. ಮತ್ತೆ ತೆರೆಯುವುದು ಸಂಜೆಗೆ. ಅಲ್ಲಿಯ ಇನ್ನೊಂದು ಚಾನೆಲ್ ಐಟಿವಿಯ ಸುದ್ದಿಯೇ ಇಲ್ಲ. ನಿಮ್ಮ ಲೇಖನ ನಿಜವೋ, ಚಿಕ್ಕಪ್ಪನ ಹಾಳೆ ನಿಜವೋ? ಅಷ್ಟು ಕಡಿಮೆ ಟಿವಿ ಇದ್ದಿದ್ದೇ ಚೆನ್ನಾಗಿತ್ತು ಅನ್ನಿಸುತ್ತದೆ ನನಗೆ. ಇನ್ನೊಂದು ಹಾಳೆ 1974ರ ಜೂನ್ 24, ಸೋಮವಾರದ್ದು. ಅದರಲ್ಲಿ ಕ್ರಿಕೆಟ್ ಅಂತಿರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ರಜೆ" ಎಂದು ಬರೆದಿದ್ದಾರೆ. ಅದೇನು ಗೊತ್ತಾ?'

ಮೇಡಂ, ಹಾಳೆಯೇ ನಿಜ. ತಪ್ಪು ನಮ್ಮದು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಬ್ರಿಟನ್ನಿನಲ್ಲಿ ಬಿಬಿಸಿಯ ಬೆಳಗಿನ ಟಿವಿ ಬಂದಿದ್ದು 1983ರ ಜನವರಿ 17ಕ್ಕೆ. ಅಂದರೆ ನಮ್ಮಲ್ಲಿ ಟಿವಿ ಬಂದಾಗ ಅವರಿಗಿನ್ನೂ ಟಿವಿ ನೋಡುತ್ತಾ ಕಾಫಿ ಕುಡಿಯುವ ಭಾಗ್ಯ ಇರಲಿಲ್ಲ. ಅಚ್ಚಿಗೆ ಕೊಡುವ ಮುಂಚೆ ನಾನೇ ಓದಿದ್ದೆ. ಆ ಸಾಲು ಕಣ್ಣಿಗೆ ಬೀಳಲಿಲ್ಲ.

ಆದರೆ 'ಕಡಿಮೆ ಇದ್ದಿದ್ದೇ ಚೆನ್ನಾಗಿತ್ತು' ಎನ್ನುವುದಕ್ಕೆ ಒಂದು ತಕರಾರಿದೆ. ಅಲ್ಲಿಯ ಜನ ಸಾಕು ಅಂತ ಟಿವಿಯನ್ನು ಮಿತವಾಗಿ ಇಟ್ಟುಕೊಂಡವರಲ್ಲ. ಎಷ್ಟು ಹೊತ್ತು ತೋರಿಸಬೇಕು ಅನ್ನುವುದನ್ನು ಸರ್ಕಾರವೇ ಹೇಳುತ್ತಿತ್ತು. 1950-60ರ ದಶಕಗಳಲ್ಲಿ ಒಂದು ಚಾನೆಲ್ಲಿಗೆ ವಾರಕ್ಕೆ ಸುಮಾರು 50 ಗಂಟೆ, ಅಷ್ಟೇ. ಶಾಲಾ ಪಾಠ, ಧಾರ್ಮಿಕ ಕಾರ್ಯಕ್ರಮ, ಆಟೋಟದಂಥವಕ್ಕೆ ವಿನಾಯಿತಿ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಯಾರು ಗೊತ್ತಾ? ಅಂಚೆ ಖಾತೆಯ ಮಂತ್ರಿ!

ಇದಕ್ಕಿಂತ ತಮಾಷೆಯದು ಇನ್ನೊಂದಿತ್ತು. 1957ರ ಫೆಬ್ರವರಿವರೆಗೆ ಸಂಜೆ 6ರಿಂದ 7ರವರೆಗೆ ಟಿವಿಯೇ ಇರುತ್ತಿರಲಿಲ್ಲ. ಮಕ್ಕಳ ಕಾರ್ಯಕ್ರಮ ಮುಗಿಯಿತು, ಇನ್ನು ಅಮ್ಮಂದಿರು ಮಕ್ಕಳನ್ನು ಮಲಗಿಸಲಿ, ಆಮೇಲೆ ದೊಡ್ಡವರ ಕಾರ್ಯಕ್ರಮ ಶುರುವಾಗಲಿ ಅಂತ. ಟಿವಿ ಮುಗಿಯಿತು, ಹೋಗಿ ಮಲಗು ಎಂದು ಮಗುವಿಗೆ ಸುಳ್ಳು ಹೇಳುವ ಅಗತ್ಯವೇ ಇಲ್ಲ. ನಿಜವಾಗಿಯೂ ಮುಗಿದಿರುತ್ತಿತ್ತು. ಈ ಬಿಡುವು ಬೇಡ ಎಂದು ಹಟ ಹಿಡಿದದ್ದು ಜಾಹೀರಾತಿನ ದುಡ್ಡಿನಲ್ಲಿ ನಡೆಯುತ್ತಿದ್ದ ಐಟಿವಿ. ಒಂದು ಗಂಟೆ ಜಾಸ್ತಿ ಸಿಕ್ಕರೆ ಒಂದು ಗಂಟೆಯ ಜಾಹೀರಾತು. ಟಿವಿ ಇಟ್ಟುಕೊಂಡವರು ಕಟ್ಟುವ ಲೈಸೆನ್ಸ್ ಹಣದಲ್ಲಿ ನಡೆಯುವ ಬಿಬಿಸಿಗೆ ಅದೇ ಗಂಟೆ ಖರ್ಚಿನ ಬಾಬತ್ತು. ಹಾಗಾಗಿ ಬಿಡುವು ಇರಲಿ ಅಂತ ಬಿಬಿಸಿಗೆ ಇದ್ದಿದ್ದು ಬರೀ ಮಕ್ಕಳ ನಿದ್ದೆಯ ಚಿಂತೆಯಿಂದ ಅಂತ ನಾನಂತೂ ನಂಬುವುದಿಲ್ಲ.

ಗಂಟೆಗಳ ಕಟ್ಟುಪಾಡು ಪೂರ್ತಿ ಹೋಗಿದ್ದು 1972ರ ಜನವರಿಯಲ್ಲಿ. ತೆಗೆದುಹಾಕಿದ ಮಂತ್ರಿ ಕ್ರಿಸ್ಟೊಫರ್ ಚಾಟವೇ. 1955ರಲ್ಲಿ ಐಟಿವಿ ಶುರುವಾದಾಗ ಮೊದಲು ಸುದ್ದಿ ಓದಿದವರು ಇವರೇ. ಅದಕ್ಕೂ ಮೊದಲು ಹೆಸರುವಾಸಿ ಓಟಗಾರ. 1954ರಲ್ಲಿ ರೋಜರ್ ಬ್ಯಾನಿಸ್ಟರ್ 4 ನಿಮಿಷದೊಳಗೆ ಮೈಲಿ ಓಡಿದರಲ್ಲ, ಆವತ್ತು ಅವರ ಮುಂದೆ ಓಡಿ ವೇಗ ಕಾಯ್ದುಕೊಟ್ಟವರಲ್ಲಿ ಇವರೂ ಒಬ್ಬರು. ಕಟ್ಟುಪಾಡು ಹೋದ 1972ರ ಅಕ್ಟೋಬರಿಗೆಲ್ಲ ಐಟಿವಿಯ ಮಧ್ಯಾಹ್ನಗಳು ತುಂಬಿಕೊಂಡವು. ಬಿಬಿಸಿಯೂ ಮಧ್ಯಾಹ್ನ 1 ಗಂಟೆಗೆ ಒಂದು ಹರಟೆ ಕಾರ್ಯಕ್ರಮ ಶುರು ಮಾಡಿತು. ಅದು ಬರುತ್ತಿದ್ದುದು ನಿಮ್ಮ ಚಿಕ್ಕಪ್ಪನ ಊರಿಂದಲೇ, ಬರ್ಮಿಂಗ್‌ಹ್ಯಾಮ್‌ನ ಪೆಬಲ್ ಮಿಲ್ ಸ್ಟುಡಿಯೊದ ಮುಂಬಾಗಿಲ ಹಜಾರದಿಂದ. ಆದರೆ ದಿನವಿಡೀ ತುಂಬಿಸುವಷ್ಟು ದುಡ್ಡು ಬಿಬಿಸಿ ಹತ್ತಿರ ಇರಲಿಲ್ಲ. ಅದಕ್ಕೇ ನಿಮ್ಮ ಹಾಳೆಯಲ್ಲಿ ಅಷ್ಟು ಬಿಳಿ ಜಾಗ.

ಆ ಹೊತ್ತಿನಲ್ಲಿ ಟಿವಿ ಹಾಕಿದರೆ ಏನು ಕಾಣುತ್ತಿತ್ತು? ಬಹಳ ಸಲ ಒಬ್ಬಳು ಹುಡುಗಿ. ತಲೆಗೆ ಕೆಂಪು ಹೇರ್‌ಬ್ಯಾಂಡ್, ಕೈಯಲ್ಲಿ ಸೀಮೆಸುಣ್ಣ. ಮುಂದೆ ಕಪ್ಪು ಹಲಗೆ, ಹಲಗೆಯ ಮೇಲೆ ಸೊನ್ನೆ-ಗುಣಾಕಾರದ ಆಟ. ಪಕ್ಕದಲ್ಲಿ ಒಂದು ಜೋಕರ್ ಗೊಂಬೆ. ಸುತ್ತಲೂ ಗೆರೆ, ಚೌಕ, ಬಣ್ಣದ ಪಟ್ಟಿ. ಹಿಂದೆ ವಾದ್ಯ ಸಂಗೀತ. ಹುಡುಗಿ ಅಲ್ಲಾಡುವುದಿಲ್ಲ, ಆಟ ಮುಂದೆ ಹೋಗುವುದಿಲ್ಲ. 1967ರಲ್ಲಿ ಬಂದ ಈ ಚಿತ್ರದ ಹೆಸರು ಟೆಸ್ಟ್ ಕಾರ್ಡ್ ಎಫ್. ಅದನ್ನು ರೂಪಿಸಿದ್ದು ಬಿಬಿಸಿಯ ಎಂಜಿನಿಯರ್ ಜಾರ್ಜ್ ಹರ್ಸಿ, ಚಿತ್ರದಲ್ಲಿರುವವಳು ಅವರ ಮಗಳು. ನೋಡುವವರಿಗೆ ಬೇಜಾರು ಕಳೆಯಲಿ ಅಂತ ಹಾಕಿದ್ದಲ್ಲ ಇದು, ಟಿವಿ ಅಂಗಡಿಯವರಿಗೆ ಮತ್ತು ರಿಪೇರಿಯವರಿಗೆ ಹಾಕಿದ್ದು. ಹಗಲು ಹೊತ್ತು ಯಾರದೋ ಮನೆಯ ಮೇಲೆ ಆಂಟೆನಾ ತಿರುಗಿಸಬೇಕು, ಹೊಸ ಕಲರ್ ಸೆಟ್ಟಿನ ಬಣ್ಣ ಸರಿ ಮಾಡಬೇಕು ಅಂದರೆ ಪರದೆಯ ಮೇಲೆ ಏನಾದರೂ ಇರಬೇಕಲ್ವಾ? ಹಲಗೆಯ ಮೇಲಿನ ಒಂದು ಗುಣಾಕಾರ ಗುರುತು ಪರದೆಯ ನಟ್ಟನಡುವೆ ಬರುತ್ತದೆ. ಅದು ಅತ್ತಿತ್ತ ಸರಿದಿದ್ದರೆ ಚಿತ್ರ ವಾಲಿದೆ ಅಂತ. ಹುಡುಗಿಯ ಕೆನ್ನೆ ಹಸಿರಾಗಿ ಕಂಡರೆ ಬಣ್ಣ ಕೆಟ್ಟಿದೆ ಅಂತ. ಹುಡುಗಿಯನ್ನು ಕೂರಿಸಿದ್ದೇ ಅದಕ್ಕೆ, ಮನುಷ್ಯರ ಚರ್ಮದ ಬಣ್ಣ ತಪ್ಪಿದರೆ ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ.

ಐಟಿವಿ ಯಾಕಿಲ್ಲ ಅಂದಿರಿ. ಪತ್ರಿಕೆ ನಡೆಸುವವನಾಗಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ರೇಡಿಯೊ ಟೈಮ್ಸ್ ಆಗ ಬಿಬಿಸಿಯ ಸ್ವಂತ ಪತ್ರಿಕೆ, 1923ರಲ್ಲಿ ಶುರುವಾಗಿದ್ದು. ವಾರ ಪೂರ್ತಿ ಕಾರ್ಯಕ್ರಮದ ಪಟ್ಟಿ ಅದರಲ್ಲಿರುತ್ತಿತ್ತು, ಆದರೆ ಬಿಬಿಸಿಯದು ಮಾತ್ರ. ಐಟಿವಿಯದು ಬೇಕೆಂದರೆ ಟಿವಿ ಟೈಮ್ಸ್ ಕೊಳ್ಳಬೇಕು. ಮೂರೇ ಚಾನೆಲ್, ಪತ್ರಿಕೆ ಎರಡು! ದಿನಪತ್ರಿಕೆಗಳು ಆಯಾ ದಿನದ್ದಷ್ಟನ್ನು ಹಾಕಬಹುದಿತ್ತು. ವಾರದ ಪಟ್ಟಿ ಹಾಕಿದರೆ ಹಕ್ಕುಸ್ವಾಮ್ಯದ ಕೇಸು. ಇದು 1991ರ ಮಾರ್ಚ್‌ವರೆಗೂ ನಡೆಯಿತು. ರೇಡಿಯೊ ಟೈಮ್ಸ್‌ನ 1988ರ ಕ್ರಿಸ್‌ಮಸ್ ಸಂಚಿಕೆ 1.1 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಯಿತು. ನಾನು ಆ ಸಂಖ್ಯೆಯನ್ನು ಎರಡು ಸಲ ಓದಿ, ಎದ್ದು ಹೋಗಿ ನೀರು ಕುಡಿದು ಬಂದೆ.

ನಿಮ್ಮ ನವೆಂಬರ್ ಹಾಳೆಯ ಮರುತಿಂಗಳೇ ಇನ್ನೊಂದು ಕತ್ತರಿ ಬಿತ್ತು. ಎಣ್ಣೆಯ ಬಿಕ್ಕಟ್ಟು, ಕಲ್ಲಿದ್ದಲು ಗಣಿ ಕಾರ್ಮಿಕರ ಚಳವಳಿ, ಕರೆಂಟಿಲ್ಲ. 1973ರ ಡಿಸೆಂಬರಿನಲ್ಲಿ ಸರ್ಕಾರ ರಾತ್ರಿ 10.30ಕ್ಕೆ ಟಿವಿ ಬಂದ್ ಮಾಡಿಸಿತು. ಇದು ಸಡಿಲವಾಗಿದ್ದು 1974ರ ಫೆಬ್ರವರಿಯಲ್ಲಿ, ಚುನಾವಣೆ ಬಂತು ಅಂತ. ಟಿವಿಗೂ ಕರೆಂಟಿಗೂ ಅಲ್ಲಿ ಒಂದು ವಿಚಿತ್ರ ನಂಟಿದೆ. ಎಲ್ಲರೂ ನೋಡುವ ಕಾರ್ಯಕ್ರಮ ಮುಗಿದ ಕೂಡಲೇ ಲಕ್ಷಾಂತರ ಜನ ಒಟ್ಟಿಗೆ ಎದ್ದು ಟೀಗೆ ಕೆಟಲ್ ಹಾಕುತ್ತಾರೆ. ಒಂದೊಂದು ಕೆಟಲ್ ಎರಡು-ಮೂರು ಕಿಲೋವ್ಯಾಟ್ ಎಳೆಯುತ್ತದೆ. ಅದಕ್ಕೇ ವಿದ್ಯುತ್ ಜಾಲದ ಕಂಟ್ರೋಲ್ ರೂಮಿನವರು ಟಿವಿ ಪಟ್ಟಿ ನೋಡಿಕೊಂಡೇ ಕೂರುತ್ತಿದ್ದರು. 1990ರ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್ಲಿನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಸೋತ ಕೂಡಲೇ ಬೇಡಿಕೆ 2,800 ಮೆಗಾವ್ಯಾಟ್ ಏರಿತು. ಸೋತ ದುಃಖಕ್ಕೂ ಟೀ!

ಮಾಮೂಲಿ ದಿನಗಳಲ್ಲಿ ಬಿಬಿಸಿ-1 ಮಧ್ಯರಾತ್ರಿ ಹೊತ್ತಿಗೆ ಮುಗಿಯುತ್ತಿತ್ತು. ಹವಾಮಾನ, ಶುಭರಾತ್ರಿ, ರಾಷ್ಟ್ರಗೀತೆ. ಸೆಟ್ ಆರಿಸಿದರೆ ಪರದೆಯ ಮಧ್ಯೆ ಒಂದು ಬಿಳಿ ಚುಕ್ಕೆ ಉಳಿದು ನಿಧಾನಕ್ಕೆ ಮಾಯವಾಗುತ್ತಿತ್ತು. 1981ರಲ್ಲಿ ನಮ್ಮ ಬೀದಿಯ ಒಂದೇ ಟಿವಿಯಲ್ಲಿ ಆ ಚುಕ್ಕೆ ಹೋಗುವ ತನಕ ನಾವು ಮಕ್ಕಳು ಎದ್ದು ಹೋಗುತ್ತಿರಲಿಲ್ಲ.

ನಿಮ್ಮ ಚಿಕ್ಕಮ್ಮನನ್ನು ಭಾನುವಾರ ಬೆಳಗಿನ ವಿಷಯ ಕೇಳಿ. 1968ರಿಂದ ಬಿಬಿಸಿ ಬರ್ಮಿಂಗ್‌ಹ್ಯಾಮ್‌ನಿಂದ 'ನಯೀ ಜಿಂದಗಿ ನಯಾ ಜೀವನ್' ಎಂಬ ಕಾರ್ಯಕ್ರಮ ಕೊಡುತ್ತಿತ್ತು. ಭಾರತ-ಪಾಕಿಸ್ತಾನಗಳಿಂದ ಹೋದವರಿಗಾಗಿ, ಹಿಂದಿ-ಉರ್ದು ಬೆರೆತ ಮಾತಿನಲ್ಲಿ. ಶಿವಮೊಗ್ಗದವರಿಗೆ ಅದೆಷ್ಟು ಅರ್ಥವಾಗುತ್ತಿತ್ತೋ! ಆದರೂ ಸೀರೆ ಉಟ್ಟವರು ಟಿವಿಯಲ್ಲಿ ಕಂಡರೆ ಸುಮ್ನೆ ನೋಡುತ್ತಾ ಕೂತಿರಬೇಕು.

ಇನ್ನು ಆ ಪೆನ್ಸಿಲ್ ಸುತ್ತು. 1974ರ ಜೂನ್‌ನಲ್ಲಿ ನಮ್ಮ ತಂಡ ಇಂಗ್ಲೆಂಡಿನಲ್ಲಿತ್ತು. ಲಾರ್ಡ್ಸ್ ಟೆಸ್ಟ್. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಜೊತೆಗೆ ಬ್ರಿಜೇಶ್ ಪಟೇಲ್. ನಮ್ಮವರೇ ನಾಲ್ಕು ಜನ! ಚಿಕ್ಕಪ್ಪ ರಜೆ ಹಾಕದೆ ಇರುತ್ತಾರೆಯೇ? ಇಂಗ್ಲೆಂಡ್ 629 ಹೊಡೆದಿತ್ತು. ನಾವು 302ಕ್ಕೆ ಆಲೌಟಾಗಿ ಫಾಲೋಆನ್. ಸೋಮವಾರ ನಾಲ್ಕನೆಯ ದಿನ, ಅವತ್ತೂ ಮಂಗಳವಾರವೂ ನಿಂತು ಆಡಿದರೆ ಡ್ರಾ. ಪಟ್ಟಿಯನ್ನು ಮುಂಚೆಯೇ ಅಚ್ಚು ಹಾಕಿರುತ್ತಾರೆ, ಸಂಜೆವರೆಗೂ ಕ್ರಿಕೆಟ್ ಅಂತ. ಬೆಳಗ್ಗೆ ಆಟ ಶುರುವಾಯಿತು. ಊಟದ ಹೊತ್ತಿಗೆ ಮೊದಲೇ ಭಾರತ 42ಕ್ಕೆ ಆಲೌಟ್. ಎಲ್ಲ ಸೇರಿ 17 ಓವರ್.

ಚಿಕ್ಕಪ್ಪ ಸುತ್ತು ಹಾಕಿದ್ದ ಮಧ್ಯಾಹ್ನದ ಆ ಕ್ರಿಕೆಟ್ ನಡೆಯಲೇ ಇಲ್ಲ, ಮೇಡಂ. ಅವತ್ತೇ ವಿಂಬಲ್ಡನ್ ಶುರುವಾಗಿತ್ತು. ಉಳಿದ ರಜೆಯಲ್ಲಿ ಟೆನಿಸ್ ನೋಡಿದರೋ, ಟಿವಿ ಆರಿಸಿ ಮಲಗಿದರೋ, ಚಿಕ್ಕಮ್ಮನಿಗೆ ನೆನಪಿದ್ದರೆ ಬರೆದು ತಿಳಿಸಿ.

— ಸಂಪಾದಕ