ಅಮ್ಮ ಒಬ್ಬರೇ ಇದ್ದಾರೆ, ಅವರ ಮೆದುಳು ಕುಗ್ಗುತ್ತಾ?

ಪ್ರಶ್ನೆ: ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅಮ್ಮನಿಗೆ 69. ತರೀಕೆರೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ನಮ್ಮ ಜೊತೆ ಬಂದಿರು ಅಂದರೆ ಒಪ್ಪುವುದಿಲ್ಲ. ಮೊದಲು ಸಂಜೆ ಭಜನೆಗೆ ಹೋಗುತ್ತಿದ್ದರು, ಈಗ ಅದನ್ನೂ ಬಿಟ್ಟಿದ್ದಾರೆ. ಇಡೀ ದಿನ ಟಿವಿ, ಅದೂ ಬೀದಿಗೆ ಕೇಳುವಷ್ಟು ಜೋರಾಗಿ. ಫೋನ್ ಮಾಡಿದರೆ "ಹೂಂ, ಸರಿ, ಇಡ್ತೀನಿ" ಅಂದುಬಿಡುತ್ತಾರೆ. ಜನರ ಜೊತೆ ಬೆರೆಯದಿದ್ದರೆ ಮೆದುಳು ಕುಗ್ಗುತ್ತೆ ಅಂತ ಓದಿದೆ. ಆವತ್ತಿನಿಂದ ನನಗೆ ನಿದ್ದೆ ಇಲ್ಲ. ಇದು ನಿಜವಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ಎಷ್ಟು ಕುಗ್ಗುತ್ತೆ ಅನ್ನೋದನ್ನು ಅಲ್ಲಿ ಹೇಳಿರಲಿಕ್ಕಿಲ್ಲ. ಜಪಾನಿನಲ್ಲಿ 65 ದಾಟಿದ 8,896 ಜನರನ್ನು ಒಂದು ಪ್ರಶ್ನೆ ಕೇಳಿದರು: ಬೇರೆ ಮನೆಯಲ್ಲಿರುವ ನೆಂಟರು, ಸ್ನೇಹಿತರ ಜೊತೆ ಎಷ್ಟು ದಿನಕ್ಕೊಮ್ಮೆ ಭೇಟಿ, ಫೋನ್ ಮಾತು ಇರುತ್ತೆ? ಆಮೇಲೆ ಎಂಆರ್‌ಐ ತೆಗೆದು ನೋಡಿದರು. ಫಲಿತಾಂಶ 2023ರಲ್ಲಿ ಬಂತು. ಹೆಚ್ಚು ಒಡನಾಟ ಇದ್ದವರಲ್ಲಿ ತಲೆಬುರುಡೆಯೊಳಗಿನ ಜಾಗದ 67.8% ಮೆದುಳಿತ್ತು. ತೀರಾ ಕಡಿಮೆ ಒಡನಾಟ ಇದ್ದವರಲ್ಲಿ 67.3%. ವ್ಯತ್ಯಾಸ ಅರ್ಧ ಪರ್ಸೆಂಟ್ ಮಾತ್ರ. ಸಾವಿರಾರು ಜನರ ಸರಾಸರಿ ತೆಗೆದಾಗ ಕಾಣುವ ವ್ಯತ್ಯಾಸ ಇದು. ನಿಮ್ಮ ಅಮ್ಮನ ಸ್ಕ್ಯಾನ್ ಒಂದನ್ನೇ ನೋಡಿ ಯಾವ ಡಾಕ್ಟರೂ "ಇವರಿಗೆ ಜೊತೆಗಾರರಿಲ್ಲ" ಎಂದು ಹೇಳಲಾರರು.

ಇಲ್ಲಿ ಇನ್ನೊಂದು ತೊಡಕಿದೆ. ಒಡನಾಟ ಕಡಿಮೆಯಾಗಿ ಮೆದುಳು ಕುಗ್ಗಿತೋ, ಅಥವಾ ಮೆದುಳಿನಲ್ಲಿ ಬದಲಾವಣೆ ಶುರುವಾಗಿ ಜನ ಬೇಡವಾದರೋ? ಮೆದುಳಿನ ಆಳದಲ್ಲಿ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಭಯದಂಥ ಭಾವನೆಗಳಿಗೆ, ಎದುರಿನವರ ಮುಖಭಾವ ಗುರುತಿಸಲು ಅದು ನೆರವಾಗುತ್ತದೆ. ಅಮೆರಿಕದಲ್ಲಿ 58 ಜನರನ್ನು ಪರೀಕ್ಷಿಸಿದಾಗ, ಹೆಚ್ಚು ಜನರ ಜೊತೆ ಸಂಬಂಧ ಇಟ್ಟುಕೊಂಡವರಲ್ಲಿ ಅದು ದೊಡ್ಡದಿತ್ತು. ಆದರೆ ಯಾವುದರಿಂದ ಯಾವುದು ಬಂತು ಅನ್ನೋದು ಅದರಿಂದ ತಿಳಿಯಲಿಲ್ಲ.

ಅದಕ್ಕೆ ಸ್ವಲ್ಪ ಉತ್ತರ ಕೊಟ್ಟಿದ್ದು ಕೋತಿಗಳು. 2011ರಲ್ಲಿ ಆಕ್ಸ್‌ಫರ್ಡ್ ವಿಜ್ಞಾನಿಗಳು ಬೇರೆ ಬೇರೆ ಗಾತ್ರದ ಗುಂಪುಗಳಲ್ಲಿ ಇಟ್ಟಿದ್ದ 23 ಕೋತಿಗಳ ಮೆದುಳು ನೋಡಿದರು. ಯಾವ ಗುಂಪಿಗೆ ಹೋಗಬೇಕು ಅಂತ ಕೋತಿ ತಾನೇ ಆರಿಸಿಕೊಂಡಿರಲಿಲ್ಲ. ಆದರೂ ದೊಡ್ಡ ಗುಂಪಿನಲ್ಲಿದ್ದವುಗಳಲ್ಲಿ ಕೆಲವು ಭಾಗಗಳ ಬೂದು ದ್ರವ್ಯ (ನರಕೋಶಗಳು ಒತ್ತಾಗಿರುವ ಮೆದುಳಿನ ಭಾಗ) ಜಾಸ್ತಿ ಇತ್ತು. ಅಂದರೆ, ಒಡನಾಟವೇ ಮೆದುಳನ್ನು ಒಂದಷ್ಟು ರೂಪಿಸುತ್ತದೆ. ನನಗೆ ಇದು ತುಂಬ ಭರವಸೆ ಕೊಡುವ ವಿಷಯ.

"ಕುಗ್ಗುವುದು" ಎಂಬ ಮಾತಿಗೂ ಅಷ್ಟು ಹೆದರಬೇಡಿ. ಎಂಆರ್‌ಐನಲ್ಲಿ ಗಾತ್ರ ಕಡಿಮೆ ಕಂಡರೆ ಜೀವಕೋಶ ಸತ್ತಿದೆ ಎಂದೇ ಅರ್ಥವಲ್ಲ. ಮೊದಲ ಸಲ ತಾಯಿಯಾಗುವ ಹೆಂಗಸರಲ್ಲೂ ಬೇರೆಯವರ ಮನಸ್ಸು ಅರಿಯುವ ಭಾಗಗಳ ಬೂದು ದ್ರವ್ಯ ಕಡಿಮೆಯಾಗುತ್ತದೆ, ಹೆರಿಗೆಯಾಗಿ ಎರಡು ವರ್ಷದ ನಂತರವೂ ಹಾಗೇ ಇರುತ್ತದೆ. ಅದನ್ನು ಗುರುತಿಸಿದ ಅಧ್ಯಯನದಲ್ಲಿ, ಆ ಬದಲಾವಣೆಯ ಜೊತೆಗೇ ಮಗುವಿನ ಮೇಲಿನ ಅಕ್ಕರೆ ಹೆಚ್ಚಿದ್ದು ಕಂಡಿತು. ನಿಮ್ಮನ್ನು ಹೊತ್ತಾಗ ನಿಮ್ಮ ಅಮ್ಮನ ಮೆದುಳೂ ಹೀಗೇ ಬದಲಾಗಿರಬಹುದು ಅಲ್ವಾ?

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಅದರಲ್ಲಿ ನನ್ನ ಗಮನ ಸೆಳೆದದ್ದು ಮೆದುಳಿನ ಮಾತಲ್ಲ, ಟಿವಿಯ ಸದ್ದು. ಬೀದಿಗೆ ಕೇಳುವಷ್ಟು ಜೋರು ಯಾಕೆ? ಫೋನಿನಲ್ಲಿ ಮಾತು ಬೇಗ ಮುಗಿಸುವುದು ಯಾಕೆ? ಕಿವಿ ಮಂದವಾದ ಹಿರಿಯರು ಹೀಗೆ ಮಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮತ್ತೆ ಮತ್ತೆ "ಏನಂದೆ?" ಎಂದು ಕೇಳಲು ಅವರಿಗೆ ಸಂಕೋಚ. ಭಜನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಏನೂ ತಿಳಿಯುವುದಿಲ್ಲ. ಆಗ ಹೋಗುವುದನ್ನೇ ಬಿಡುತ್ತಾರೆ. ಮಕ್ಕಳಿಗೆ ಅದು ಬೇಸರದಂತೆ ಕಾಣುತ್ತದೆ.

ಬೇಸರವೂ ಇರಬಹುದು. ಜಪಾನಿನ ಅಧ್ಯಯನದಲ್ಲಿ ಒಡನಾಟ ಮತ್ತು ಮೆದುಳಿನ ಗಾತ್ರದ ನಂಟಿನ 15ರಿಂದ 29% ಭಾಗ ಖಿನ್ನತೆಯ ಲಕ್ಷಣಗಳಿಂದ ವಿವರಿಸಲು ಸಿಕ್ಕಿತು. ಎರಡು ವರ್ಷವಾದರೂ ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಯಾವುದೂ ಬೇಡ ಅನ್ನುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ನೀವು ಮಾಡಿದರೂ ಆಗುತ್ತದೆ. ಬೆಂಗಳೂರಿಗೆ ಬಾ ಎಂದು ಸದ್ಯಕ್ಕೆ ಒತ್ತಾಯಿಸಬೇಡಿ. ಅವರ ಪರಿಚಯದವರೆಲ್ಲ ತರೀಕೆರೆಯಲ್ಲೇ ಇದ್ದಾರೆ.

ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಟಿವಿ ಆಫ್ ಮಾಡಿ. ಅಮ್ಮನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು ಮಾಮೂಲಿ ದನಿಯಲ್ಲಿ "ಅಮ್ಮಾ, ಕಾಫಿ ಮಾಡ್ಲಾ?" ಎಂದು ಕೇಳಿ. ಅವರು ತಿರುಗದಿದ್ದರೆ ಆ ವಾರವೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.